ಯಾತ್ರೆಗೆ ಒಪ್ಪುವ ಕಿರಿಯ ಕ್ಯಾಮರಾ

ಯಾತ್ರೆಯಿಂದ ಹಿಂದಿರುಗಿದವರು ಮನೆಗೆ ಏನನ್ನಾದರೂ ತರುವುದು ನಮ್ಮಲ್ಲಿ ಹಳೆಯ ಪದ್ಧತಿ. ನಂಜನಗೂಡಿಗೆ ಹೋಗಿ ಬಂದವರ ಚೀಲದಲ್ಲಿ ಶ್ರೀಕಂಠೇಶ್ವರನ ಪ್ರಸಾದವೂ, ವಿಭೂತಿಯೂ, ಹಲ್ಲುಪುಡಿಯ ಪೊಟ್ಟಣವೂ, ಪುಣ್ಯವಿದ್ದರೆ ಒಂದು ಚಿಪ್ಪು ರಸಬಾಳೆಯೂ ಇರುತ್ತಿದ್ದುವು. ಈಗ ಇವುಗಳೊಡನೆ ಚಿತ್ರಗಳೂ ಬರುತ್ತವೆ. ಪ್ರಸಾದವು ಅಂದೇ ಹಂಚಿ ತೀರುವುದು. ಚಿತ್ರವಾದರೋ ಮಕ್ಕಳು ಮೊಮ್ಮಕ್ಕಳ ಕಾಲದವರೆಗೆ ಉಳಿಯತಕ್ಕ ವಸ್ತು. ಆದುದರಿಂದ ಅದನ್ನು ತೆಗೆಯುವ ಸಾಧನವನ್ನು ಆರಿಸುವಾಗ ಗೃಹಸ್ಥರು ಸ್ವಲ್ಪ ವಿಚಾರ ಮಾಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಕೈಯಲ್ಲಿ ಮೊಬೈಲು ಇರುವಾಗ ಬೇರೆ ಕ್ಯಾಮರಾ ಏತಕ್ಕೆ ಎಂದು ಮನೆಯವರು ಕೇಳುವುದು ನ್ಯಾಯವೇ ಸರಿ. ಹಗಲಿನ ಬೆಳಕಿನಲ್ಲಿ, ಹತ್ತು ಮಾರಿನೊಳಗೆ ನಿಂತವರ ಚಿತ್ರಕ್ಕೆ ಮೊಬೈಲು ಸಾಕು; ಅಷ್ಟಕ್ಕಾಗಿ ಹಣ ಸುರಿಯುವುದು ದುಂದು. ಆದರೆ ದೂರದ ವಸ್ತುವನ್ನು ಹತ್ತಿರಕ್ಕೆ ತರುವುದರಲ್ಲಿಯೂ, ಮಬ್ಬು ಬೆಳಕಿನಲ್ಲಿ ಸ್ಪಷ್ಟವಾಗಿ ಹಿಡಿಯುವುದರಲ್ಲಿಯೂ ಅದರ ತೆಳು ದೇಹಕ್ಕೆ ಒಂದು ಮಿತಿಯುಂಟು. ಈ ಕೊರತೆಯನ್ನು ನೀಗಿಸಲೆಂದೇ ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಅಡಗುವ ಡಿಜಿಟಲ್ ಕ್ಯಾಮರಾಗಳು ಇಂದಿಗೂ ಮಾರಾಟವಾಗುತ್ತಿವೆ. ಅಂಗಡಿಗೆ ಹೋದವರ ಮುಂದೆ ಮಾರುವವನು ಎರಡು ಅಂಕಿಗಳನ್ನು ಇಡುತ್ತಾನೆ: ಒಂದು ಜೂಮ್, ಇನ್ನೊಂದು ಮೆಗಾಪಿಕ್ಸೆಲ್. ಎರಡೂ ದೊಡ್ಡವಾದಷ್ಟೂ ಒಳ್ಳೆಯದೆಂದು ಭಾವಿಸುವುದು ಸಹಜ. ಈ ಭಾವನೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಕಪಿಲೆಯ ದಡದ ಯಾತ್ರೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪರೀಕ್ಷಿಸೋಣ.

ಮೊದಲು ಪದಗಳ ಅರ್ಥ. ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚಿತ್ರಬಿಂದುಗಳು. ಹಸೆಯ ಮೇಲಿನ ರಂಗವಲ್ಲಿಗೆ ಚುಕ್ಕೆಗಳು ಹೇಗೋ ಚಿತ್ರಕ್ಕೆ ಇವು ಹಾಗೆ. ಜೂಮ್ ಎಂದರೆ ಮಸೂರವು ತನ್ನ ಸಂಗಮದೂರವನ್ನು ಹೆಚ್ಚಿಸಿಕೊಳ್ಳುವ ಶಕ್ತಿ. 24 ಮಿಲಿಮೀಟರಿನಿಂದ 960 ಮಿಲಿಮೀಟರಿನವರೆಗೆ ಹೋಗುವ ಮಸೂರಕ್ಕೆ ನಲವತ್ತು ಪಟ್ಟಿನ ಜೂಮ್ ಎಂದು ಹೆಸರು. ಈ ಮಿಲಿಮೀಟರುಗಳು ಹಳೆಯ ಫಿಲ್ಮ್ ಕ್ಯಾಮರಾದ ಅಳತೆಗೆ ಸರಿಹೊಂದಿಸಿ ಹೇಳಿದವು. ಇದರಲ್ಲಿ ಮಸೂರದ ಗಾಜುಗಳೇ ಚಲಿಸಿ ಮಾಡುವ ಜೂಮ್ ಮಾತ್ರ ನಿಜವಾದುದು. ಅದಕ್ಕೆ ಆಪ್ಟಿಕಲ್ ಜೂಮ್ ಎನ್ನುವರು. ಡಿಜಿಟಲ್ ಜೂಮ್ ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ. ಅದನ್ನು ಮನೆಗೆ ಬಂದು ನಾವೂ ಮಾಡಬಹುದಾದುದರಿಂದ ಆ ಅಂಕಿಗೆ ಒಂದು ಕಾಸನ್ನೂ ಕೊಡಬೇಕಾದುದಿಲ್ಲ.

ಹೀಗೆ ಕತ್ತರಿಸುವುದರಲ್ಲಿ ಒಂದು ಲೆಕ್ಕವುಂಟು. 20 ಮೆಗಾಪಿಕ್ಸೆಲಿನ ಚಿತ್ರವನ್ನು ಎರಡು ಪಟ್ಟು ಹತ್ತಿರ ಬಂದಂತೆ ಕತ್ತರಿಸಿದರೆ ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ ಹೋಗಿ ಕಾಲುಭಾಗ, ಎಂದರೆ 5 ಮೆಗಾಪಿಕ್ಸೆಲ್ ಉಳಿಯುವುದು. ಮೂರು ಪಟ್ಟಿಗೆ ಒಂಬತ್ತರಲ್ಲಿ ಒಂದು ಪಾಲು, ಸುಮಾರು 2.2, ನಾಲ್ಕು ಪಟ್ಟಿಗೆ ಹದಿನಾರರಲ್ಲಿ ಒಂದು ಪಾಲು, 1.25. ಬಿಂದುಗಳ ಸಂಪತ್ತು ಜೂಮಿಗೆ ಬದಲಾಗಿ ನಿಲ್ಲಬಲ್ಲುದು ನಿಜ. ಆದರೆ ಮೂರು ಪಟ್ಟನ್ನು ಮೀರಿದಮೇಲೆ ಬೊಕ್ಕಸ ಬರಿದಾಗುತ್ತದೆ.

ಉಳಿದದ್ದು ಯಾವುದಕ್ಕೆ ಸಾಲುವುದು? ಅಂಗುಲಕ್ಕೆ 300 ಬಿಂದುಗಳೆಂಬ ಒಳ್ಳೆಯ ಮುದ್ರಣದ ಅಳತೆಯಂತೆ 4 ಅಂಗುಲ 6 ಅಂಗುಲದ ಚಿತ್ರಕ್ಕೆ ಬೇಕಾದುದು 2.2 ಮೆಗಾಪಿಕ್ಸೆಲಿಗಿಂತ ತುಸು ಕಡಿಮೆ. 8 ಅಂಗುಲ 12 ಅಂಗುಲದ ಪಟಕ್ಕೆ 8.6. ಹಜಾರದ ಗೋಡೆಗೆ ತೂಗುಹಾಕುವ 12 ಅಂಗುಲ 18 ಅಂಗುಲದ ದೊಡ್ಡ ಪಟಕ್ಕೂ 19.4 ಸಾಕು. ಆದಕಾರಣ 20 ಮೆಗಾಪಿಕ್ಸೆಲ್ ಒಂದು ಸಂಸಾರದ ಎಲ್ಲ ಅಗತ್ಯಗಳಿಗೂ ಧಾರಾಳ. ಮೊಬೈಲಿನ ಜಾಹೀರಾತುಗಳಲ್ಲಿ ಕಾಣುವ 50, 108, 200 ಎಂಬ ಅಂಕಿಗಳನ್ನು ಕಂಡು ಬೆರಗಾಗಬೇಕಾದುದಿಲ್ಲ. ಅಂಥ ಮೊಬೈಲುಗಳು ಸಾಮಾನ್ಯವಾಗಿ ನಾಲ್ಕೋ ಒಂಬತ್ತೋ ಹದಿನಾರೋ ಬಿಂದುಗಳನ್ನು ಕೂಡಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲಿನ ಆಸುಪಾಸಿನ ಚಿತ್ರವನ್ನೇ ಕೊಡುತ್ತವೆ.

ಹಾಗಾದರೆ ಕ್ಯಾಮರಾಗಳಲ್ಲಿ ಭೇದವೆಲ್ಲಿ? ಎರಡು ಮಾದರಿಗಳನ್ನು ತೆಗೆದುಕೊಳ್ಳೋಣ. ಕ್ಯಾನನ್ ಕಂಪನಿಯು 2018ರಲ್ಲಿ ಹೊರತಂದ ಪವರ್‌ಶಾಟ್ ಎಸ್‌ಎಕ್ಸ್ 740 ಒಂದು. ಸೋನಿ ಕಂಪನಿಯು 2019ರಲ್ಲಿ ಹೊರತಂದ ಆರ್‌ಎಕ್ಸ್ 100ರ ಏಳನೆಯ ಮಾದರಿ ಇನ್ನೊಂದು. ತೂಕದಲ್ಲಿ ಎರಡೂ ಸುಮಾರು 300 ಗ್ರಾಂ. ಬಿಂದುಗಳಲ್ಲಿ ಎರಡೂ 20 ಮೆಗಾಪಿಕ್ಸೆಲ್. ಮೊದಲನೆಯದರ ಜೂಮ್ 24ರಿಂದ 960 ಮಿಲಿಮೀಟರು, ನಲವತ್ತು ಪಟ್ಟು. ಎರಡನೆಯದು 24ರಿಂದ 200, ಎಂಟು ಪಟ್ಟಿಗೆ ತುಸು ಮೇಲೆ. ಇಷ್ಟನ್ನೇ ನೋಡಿದವರು ಮೊದಲನೆಯದನ್ನೇ ಕೊಳ್ಳುವರು. ಆದರೆ ಹೊರಗೆ ಕಾಣದ ಒಂದು ಅಂಗವಿದೆ. ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕವು ಮೊದಲನೆಯದರಲ್ಲಿ ಸುಮಾರು 6.2 ಮಿಲಿಮೀಟರು ಉದ್ದ, 4.6 ಮಿಲಿಮೀಟರು ಅಗಲ, ಎರಡನೆಯದರಲ್ಲಿ 13.2 ಉದ್ದ, 8.8 ಅಗಲ. ಈ ಎರಡನೆಯದಕ್ಕೆ ವ್ಯಾಪಾರದಲ್ಲಿ ಒಂದಂಗುಲದ ಸೆನ್ಸರ್ ಎಂದು ಹೆಸರಿದ್ದರೂ ಅದು ಒಂದಂಗುಲವಿಲ್ಲ; ಆದರೂ ವಿಸ್ತಾರದಲ್ಲಿ ಮೊದಲನೆಯದರ ನಾಲ್ಕರಷ್ಟು. ಒಂದೇ ಸಂಖ್ಯೆಯ ಬಿಂದುಗಳಿಗೆ ಒಂದು ಕಡೆ ಸಣ್ಣ ಹಿತ್ತಲು, ಇನ್ನೊಂದು ಕಡೆ ನಾಲ್ಕರಷ್ಟು ಹೊಲ. ಮಳೆಯ ನೀರು ಯಾವುದರಲ್ಲಿ ಹೆಚ್ಚು ನಿಲ್ಲುವುದೋ ಬೆಳಕೂ ಅದರಲ್ಲಿಯೇ ಹೆಚ್ಚು ನಿಲ್ಲುವುದು.

ದೊಡ್ಡ ಫಲಕವಿದ್ದರೆ ಅದಕ್ಕೆ ತಕ್ಕ ಮಸೂರವೂ ದೊಡ್ಡದಾಗಬೇಕು. ಆದ್ದರಿಂದಲೇ ಜೇಬಿಗೆ ಹಿಡಿಯುವ ದೇಹದಲ್ಲಿ ದೊಡ್ಡ ಫಲಕವೂ ನಲವತ್ತು ಪಟ್ಟಿನ ಜೂಮೂ ಒಂದುಗೂಡಲಾರವು. ನಿಜವಾದ ತೂಗಾಟವು ಜೂಮಿಗೂ ಮೆಗಾಪಿಕ್ಸೆಲಿಗೂ ನಡುವೆ ಅಲ್ಲ. ಜೂಮಿಗೂ ಬೆಳಕಿಗೂ ನಡುವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಯಾತ್ರೆಗೆ ಹೊರಡೋಣ.

ನಂಜನಗೂಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಏಳು ನೆಲೆಯ ಗೋಪುರ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯವರಾದ ದೇವಾಜಮ್ಮಣ್ಣಿಯವರು 19ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ ಇದರ ಎತ್ತರ ಸುಮಾರು 120 ಅಡಿ. ಇಂಥ ವಸ್ತುವಿಗೆ ಒಂದು ಸುಲಭವಾದ ಲೆಕ್ಕವುಂಟು: ನಾವು ನಿಂತ ದೂರವನ್ನು 36ರಿಂದ ಗುಣಿಸಿ, ಮಸೂರದ ಮಿಲಿಮೀಟರಿನಿಂದ ಭಾಗಿಸಿದರೆ, ಚಿತ್ರದ ಉದ್ದನೆಯ ಅಂಚಿನಲ್ಲಿ ಎಷ್ಟು ಅಡಿ ಹಿಡಿಯುವುದೆಂಬುದು ಸ್ಥೂಲವಾಗಿ ತಿಳಿಯುತ್ತದೆ. 24 ಮಿಲಿಮೀಟರಿನಲ್ಲಿ ಕ್ಯಾಮರಾವನ್ನು ನಿಲುವಾಗಿ ಹಿಡಿದರೆ 80 ಅಡಿ ಹಿಂದೆ ಸರಿದವರಿಗೆ ಇಡೀ ಗೋಪುರ ಸಿಕ್ಕುತ್ತದೆ. 28 ಮಿಲಿಮೀಟರಾದರೆ 93 ಅಡಿ ಸರಿಯಬೇಕು. ದೊಡ್ಡ ಜಾತ್ರೆಯ ದಿನ ಐದು ರಥಗಳು ಹೊರಡುವಾಗ ಹಿಂದೆ ಸರಿಯಲು ಹದಿಮೂರು ಅಡಿ ಹೆಚ್ಚಿಗೆ ಎಲ್ಲಿ ಸಿಕ್ಕೀತು? ಆದ್ದರಿಂದ ಜೂಮಿನ ಮೇಲಿನ ತುದಿಯನ್ನು ಕೇಳುವುದಕ್ಕಿಂತ ಮೊದಲು ಕೆಳಗಿನ ತುದಿಯನ್ನು ಕೇಳಬೇಕು. ಅದು 24 ಆಗಿರುವುದು ಲೇಸು.

ಅದೇ ಗೋಪುರದ ಮೇಲಿನ ಗಾರೆಯ ಬೊಂಬೆಗಳನ್ನು ನೋಡಬೇಕೆಂದರೆ ಮಾತು ಬೇರೆ. 150 ಅಡಿ ದೂರದಲ್ಲಿ ನಿಂತವನಿಗೆ ತುದಿಯ ನೆಲೆಯು ಸುಮಾರು 190 ಅಡಿ ದೂರ. 200 ಮಿಲಿಮೀಟರಿನಲ್ಲಿ ಅಲ್ಲಿಯ 34 ಅಡಿ ಚಿತ್ರದೊಳಗೆ ಬರುತ್ತದೆ. ಮೂರು ಪಟ್ಟು ಕತ್ತರಿಸಿದರೆ 11 ಅಡಿ. 960ರಲ್ಲಿಯಾದರೆ ನೇರವಾಗಿ 7 ಅಡಿ. ಕೈಗಾತ್ರದ ಚಿತ್ರಕ್ಕೆ ಇವೆರಡರ ಅಂತರ ಅಷ್ಟು ದೊಡ್ಡದಲ್ಲ. ಅಲ್ಲದೆ ಗೋಪುರವು ಎಲ್ಲಿಗೂ ಓಡಿಹೋಗುವುದಿಲ್ಲ; ಈ ವರ್ಷ ಸಿಕ್ಕದಿದ್ದರೆ ಮುಂದಿನ ವರ್ಷ ಸಿಕ್ಕುತ್ತದೆ.

ಆದರೆ ಇದೇ ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹೋದವರಿಗೆ ಈ ಸಮಾಧಾನ ಸಾಲದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಮಂಗೋಲಿಯ ದೇಶದಲ್ಲಿ ಪಕ್ಷಿಶಾಸ್ತ್ರಜ್ಞರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡುಬಂದದ್ದುಂಟು. ಆ ಪಟ್ಟಿಯ ಅಕ್ಷರಗಳನ್ನು ಓದಿದರೆ ಹಕ್ಕಿಯ ಮೂಲಸ್ಥಾನವೇ ತಿಳಿಯುತ್ತದೆ. ಹಕ್ಕಿ 100 ಮೀಟರು ದೂರದಲ್ಲಿದೆ, ಅಕ್ಷರವು ಒಂದಂಗುಲ ಎತ್ತರವಿದೆ ಎಂದು ಭಾವಿಸಿದರೆ, 960 ಮಿಲಿಮೀಟರಿನ ಮಸೂರವು ಆ ಅಕ್ಷರಕ್ಕೆ ಸುಮಾರು 35 ಬಿಂದುಗಳನ್ನು ಕೊಡುತ್ತದೆ. 200 ಮಿಲಿಮೀಟರಿನದು ಏಳೆಂಟನ್ನು ಮಾತ್ರ. ಮೊದಲನೆಯದರಲ್ಲಿ ಅಕ್ಷರವನ್ನು ಓದಬಹುದು. ಎರಡನೆಯದರಲ್ಲಿ ಅದೊಂದು ಮಸಿಯ ಚುಕ್ಕೆ. ಹತ್ತಿರ ಹೋದರೆ ಹಕ್ಕಿ ಹಾರುವುದು. ಇಲ್ಲಿ ಜೂಮಿಗೆ ಬದಲಾಗಿ ನಿಲ್ಲತಕ್ಕ ವಸ್ತು ಇನ್ನೊಂದಿಲ್ಲ. ಮಕ್ಕಳಿಗೆ ಹಕ್ಕಿಗಳಲ್ಲಿ ಆಸಕ್ತಿ ಹುಟ್ಟಿರುವ ಮನೆಯವರು ಸಂಶಯವಿಲ್ಲದೆ ದೊಡ್ಡ ಜೂಮನ್ನೇ ಕೊಳ್ಳಬಹುದು.

ಕಪಿಲೆಯ ಜಾಡಿನಲ್ಲಿಯೇ ಕೆಳಗೆ ನಡೆದರೆ ತಿರುಮಕೂಡಲು ನರಸೀಪುರ. ಗುಂಜಾನರಸಿಂಹಸ್ವಾಮಿಯ ದೇವಾಲಯ ಒಂದು ದಡದಲ್ಲಿ, ಅಗಸ್ತ್ಯೇಶ್ವರನ ದೇವಾಲಯ ಇನ್ನೊಂದು ದಡದಲ್ಲಿ; ನಡುವೆ ಕಾವೇರಿ ಕಪಿಲೆಯರ ಸಂಗಮ, ಅವರೊಡನೆ ಕಣ್ಣಿಗೆ ಕಾಣದ ಸ್ಫಟಿಕಸರೋವರವೂ ಕೂಡಿದೆಯೆಂದು ನಂಬಿಕೆ. ಇಲ್ಲಿಯ ಕುಂಭಮೇಳವು 1989ರಲ್ಲಿ ಆರಂಭವಾಗಿ, ಮೂರು ವರ್ಷಕ್ಕೊಮ್ಮೆ ಎಂಬ ಕಟ್ಟಳೆಯಲ್ಲಿ ನಡೆದುಬಂದು, 2025ರ ಫೆಬ್ರವರಿಯಲ್ಲಿಯೂ ಜರುಗಿತು. ಮನೆಯ ಹಿರಿಯರು ಮಕ್ಕಳ ಕೈಹಿಡಿದು ಮೆಟ್ಟಿಲಿಳಿಯುವ ಆ ಗಳಿಗೆಯು ಮೂರು ವರ್ಷಗಳ ಅನಂತರ ಅದೇ ರೀತಿಯಲ್ಲಿ ಮರಳೀತೆಂದು ಯಾರೂ ಹೇಳಲಾರರು. ಅಲ್ಲಿ ಚಿತ್ರ ತೆಗೆಯುವವನು ಅವರಿಂದ ನಾಲ್ಕಡಿ ದೂರದಲ್ಲಿರುತ್ತಾನೆ. ಅವನಿಗೆ ಬೇಕಾದುದು ದೂರದೃಷ್ಟಿಯಲ್ಲ. ಸೂರ್ಯೋದಯಕ್ಕೆ ಮೊದಲಿನ ಮಸುಕಿನಲ್ಲಿಯೂ ಮುಖದ ಗೆರೆಗಳನ್ನು ಹಿಡಿಯುವ ಶಕ್ತಿ, ಗುಂಡಿ ಒತ್ತಿದ ಕೂಡಲೆ ಕೆಲಸ ಮಾಡುವ ಚುರುಕು.

ಇಲ್ಲಿ ಇನ್ನೊಂದು ಮಾತನ್ನೂ ಹೇಳದೆ ಇರಲಾಗದು. ನಲವತ್ತು ಪಟ್ಟಿನ ಜೂಮ್ ಕೈಯಲ್ಲಿದ್ದರೆ ಆಚೆಯ ದಡದಲ್ಲಿ ಮೀಯುವವರೂ ಹತ್ತಿರಕ್ಕೆ ಬರುತ್ತಾರೆ. ಸ್ನಾನಘಟ್ಟದಲ್ಲಿ ಅಪರಿಚಿತರ, ಅದರಲ್ಲಿಯೂ ಸ್ತ್ರೀಯರ ಚಿತ್ರವನ್ನು ಅವರಿಗೆ ತಿಳಿಯದಂತೆ ತೆಗೆಯುವುದು ಸಭ್ಯರ ಲಕ್ಷಣವಲ್ಲ. ಕ್ಯಾಮರಾವನ್ನು ಮಕ್ಕಳ ಕೈಗೆ ಕೊಡುವ ತಂದೆತಾಯಿಗಳು ಜೂಮಿನ ಬಳಕೆಯೊಡನೆ ಈ ಮರ್ಯಾದೆಯನ್ನೂ ಕಲಿಸಬೇಕು.

ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದರೆ ಬೆಳಕಿನ ಮಹತ್ವವು ಇನ್ನೂ ಸ್ಪಷ್ಟವಾಗುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೊರಗೋಡೆಯ ಶಿಲ್ಪಗಳು ಬಿಸಿಲಿನಲ್ಲಿ ನಿಂತಿವೆ. ಯಾವ ಕ್ಯಾಮರಾವಾದರೂ ಆದೀತು. ಒಳಗೆ ಕಾಲಿಟ್ಟು ಕತ್ತೆತ್ತಿದರೆ ಛಾವಣಿಯಲ್ಲಿ ಬಾಳೆಮೊಗ್ಗಿನ ಕೆತ್ತನೆಗಳು, ಕತ್ತಲೆಯಲ್ಲಿ ಅರ್ಧ ಮುಚ್ಚಿಕೊಂಡು. ಮುಕ್ಕಾಲಿಯನ್ನು ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲಿ ಹಿಡಿದೇ ತೆಗೆಯಬೇಕು. ಈಗ ನಮ್ಮ ಎರಡು ಮಾದರಿಗಳನ್ನು ನೋಡಿ. ಫಲಕದ ವಿಸ್ತಾರ ನಾಲ್ಕರಷ್ಟು; ಅದರ ಮೇಲೆ ಬೆಳಕಿನ ಬಾಗಿಲು ಎಸ್‌ಎಕ್ಸ್ 740ರಲ್ಲಿ ಎಫ್ 3.3, ಆರ್‌ಎಕ್ಸ್ 100ರಲ್ಲಿ ಎಫ್ 2.8. ಈ ಎಫ್ ಸಂಖ್ಯೆ ಕಿರಿದಾದಷ್ಟೂ ಬಾಗಿಲು ಅಗಲ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಎರಡನೆಯದಕ್ಕೆ ಐದು ಪಟ್ಟಿಗಿಂತ ಹೆಚ್ಚು ಬೆಳಕು ದೊರೆಯುತ್ತದೆ. ಅದು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಲ್ಲಿ ಮುಗಿಸುವ ಕೆಲಸಕ್ಕೆ ಇದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗವನ್ನು ತೆಗೆದುಕೊಳ್ಳುವುದು. ಇಲ್ಲವೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಗಳು ಏಳುವುವು. ಮುಂಜಾನೆಯ ಲಗ್ನದಲ್ಲಿ ಹೊರಡುವ ರಥಕ್ಕೂ, ಸಂಜೆಯ ದೀಪಾರಾಧನೆಗೂ, ಮದುವೆಯ ಮನೆಯ ಒಳಾಂಗಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ದೊಡ್ಡ ಜೂಮಿನ ತುತ್ತತುದಿಯಲ್ಲಿ ಇನ್ನೆರಡು ತೊಡಕುಗಳಿವೆ. ಕೈ ನಡುಗುವುದು ಮೊದಲನೆಯದು. 960 ಮಿಲಿಮೀಟರಿನಲ್ಲಿ ನಿಶ್ಚಲವಾದ ಚಿತ್ರ ಬೇಕಾದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಎಂಬುದು ಹಳೆಯ ಕಟ್ಟಳೆ. ಈಗಿನ ಕ್ಯಾಮರಾಗಳಲ್ಲಿ ನಡುಕವನ್ನು ತಡೆಯುವ ಏರ್ಪಾಡಿದ್ದರೂ ಅದು ನಮ್ಮ ಕೈಯ ನಡುಕವನ್ನು ತಡೆದೀತೇ ಹೊರತು ಹಕ್ಕಿಯ ರೆಕ್ಕೆಯ ಚಲನೆಯನ್ನು ತಡೆಯಲಾರದು. ಎರಡನೆಯದು ಬೆಳಕಿನ ಸ್ವಭಾವಕ್ಕೆ ಸೇರಿದ್ದು. ಕಿರಿಯ ಕಂಡಿಯಲ್ಲಿ ನುಗ್ಗಿದ ಬೆಳಕು ಚದರುತ್ತದೆ. ಎಸ್‌ಎಕ್ಸ್ 740ರ ಮಸೂರವು ತುದಿಯಲ್ಲಿ ಎಫ್ 6.9ಕ್ಕೆ ಇಳಿಯುವುದರಿಂದ, ಒಂದು ಬಿಂದುವಾಗಿ ಬೀಳಬೇಕಾದ ಬೆಳಕು ಮಿಲಿಮೀಟರಿನ ಸಾವಿರದಲ್ಲಿ ಒಂಬತ್ತು ಭಾಗದಷ್ಟು ಅಗಲವಾದ ಚುಕ್ಕೆಯಾಗಿ ಹರಡುತ್ತದೆ. ಅದರ ಫಲಕದ ಒಂದೊಂದು ಚಿತ್ರಬಿಂದುವಾದರೋ ಸಾವಿರದಲ್ಲಿ 1.2 ಭಾಗ ಮಾತ್ರ. ಆದುದರಿಂದ ಪೆಟ್ಟಿಗೆಯ ಮೇಲೆ 20 ಮೆಗಾಪಿಕ್ಸೆಲ್ ಎಂದು ಬರೆದಿದ್ದರೂ ಜೂಮಿನ ತುದಿಯಲ್ಲಿ ಅಷ್ಟು ವಿವರವು ಸಿಕ್ಕುವುದಿಲ್ಲ. ಹಾಗೆಂದು ಆ ಜೂಮು ನಿಷ್ಪ್ರಯೋಜಕವಲ್ಲ. ಕೆರೆಯ ಹಕ್ಕಿಯ ವಿಷಯದಲ್ಲಿ ಅದರ ಗೆಲವನ್ನು ಮೇಲೆ ಕಂಡೆವು. ಎರಡು ಅಂಕಿಗಳನ್ನೂ ಒಟ್ಟಿಗೆ ನಂಬಬಾರದು, ಅಷ್ಟೆ.

ಇವೆರಡರ ನಡುವಿನ ದಾರಿಯೂ ಉಂಟು. ಪ್ಯಾನಸೋನಿಕ್ ಕಂಪನಿಯ 2018ರ ಟಿಜಡ್ 200 ಮಾದರಿಯಲ್ಲಿ ಒಂದಂಗುಲವೆನ್ನುವ ಆ ದೊಡ್ಡ ಫಲಕವೇ ಇದ್ದು ಜೂಮ್ 24ರಿಂದ 360 ಮಿಲಿಮೀಟರಿನವರೆಗೆ ಹೋಗುತ್ತದೆ. ಆದರೆ ಬೆಳಕಿನ ಬಾಗಿಲು ಎಫ್ 3.3ರಿಂದ 6.4, ಎಂದರೆ ಸ್ವಲ್ಪ ಕಿರಿದು. ಒಂದನ್ನು ಪಡೆದಲ್ಲಿ ಇನ್ನೊಂದನ್ನು ತೆತ್ತಂತಾಯಿತು. ಜೇಬಿನ ಹಂಬಲವನ್ನು ಬಿಟ್ಟವರಿಗೆ ನೈಕಾನ್ ಪಿ 1000ದಂತಹ 125 ಪಟ್ಟಿನ ಜೂಮೂ ಇದೆ. ಅದರ ತೂಕ 1,400 ಗ್ರಾಮಿಗೂ ಮೇಲೆ. ಅದನ್ನು ಕೊರಳಿಗೆ ಹಾಕಿಕೊಂಡು ಜಾತ್ರೆಯಲ್ಲಿ ಮಗುವನ್ನೂ ಎತ್ತಿಕೊಳ್ಳುವುದು ಸುಲಭವಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅಂಗಡಿಯವನನ್ನು ಕೇಳುವುದಕ್ಕಿಂತ ಮೊದಲು ಮನೆಯಲ್ಲಿಯೇ ಒಂದು ಕೆಲಸ ಮಾಡಿ. ಕಳೆದ ಎರಡು ಯಾತ್ರೆಗಳಲ್ಲಿ ಮೊಬೈಲಿನಿಂದ ತೆಗೆದ ನೂರು ಚಿತ್ರಗಳನ್ನು ಮುಂದಿಟ್ಟುಕೊಂಡು, ಕೆಟ್ಟವನ್ನು ಮಾತ್ರ ಆರಿಸಿ. ಅವುಗಳಲ್ಲಿ ದೂರದಿಂದ ಕೆಟ್ಟವೆಷ್ಟು, ಕತ್ತಲೆಯಿಂದ ಕೆಟ್ಟವೆಷ್ಟು ಎಂದು ಎರಡು ಸಾಲು ಬರೆಯಿರಿ. ದೂರದ ಸಾಲು ಉದ್ದವಾದರೆ ಜೂಮು. ಕತ್ತಲೆಯ ಸಾಲು ಉದ್ದವಾದರೆ ದೊಡ್ಡ ಫಲಕ. ಎರಡೂ ಗಿಡ್ಡವಾಗಿದ್ದರೆ ಏನನ್ನೂ ಕೊಳ್ಳಬೇಡಿ. ಆ ಹಣ ಇನ್ನೊಂದು ಯಾತ್ರೆಗಾಗಲಿ. ನಮ್ಮ ಎಣಿಕೆಯಂತೆ, ದೇವಾಲಯ, ಜಾತ್ರೆ, ಬಂಧುಬಳಗ ಎಂದು ತಿರುಗುವ ಸಂಸಾರಕ್ಕೆ ದೊಡ್ಡ ಫಲಕವೂ 200 ಮಿಲಿಮೀಟರಿನವರೆಗಿನ ಜೂಮೂ ಹೆಚ್ಚು ಉಪಕಾರಿ. ಅದರ ಬೆಲೆ ಹೆಚ್ಚೆಂಬುದು ನಿಜ. ಬಲ್ಲವರ ಮೂಲಕ ಹಳೆಯ ಮಾದರಿಯನ್ನು, ಬಳಸಿದ್ದಾದರೂ ಸರಿ, ಕೊಂಡರೆ ನಷ್ಟವಿಲ್ಲ. ಆರ್‌ಎಕ್ಸ್ 100ರ 2012ರ ಮೊದಲ ಮಾದರಿಯಲ್ಲಿಯೂ ಫಲಕವು ಇದೇ ಅಳತೆಯದು, ಬಿಂದುಗಳೂ 20 ಮೆಗಾಪಿಕ್ಸೆಲ್. ಆದರೆ ಅದರ ಜೂಮ್ 28ರಿಂದ 100 ಮಿಲಿಮೀಟರು ಮಾತ್ರವೆಂಬುದನ್ನು ತಿಳಿದು ಕೊಳ್ಳಬೇಕು.

ಬಳಸಿದ ಕ್ಯಾಮರಾವನ್ನು ಕೊಳ್ಳುವಾಗ ಮಸೂರವನ್ನು ಹತ್ತು ಸಾರಿ ಹೊರಗೂ ಒಳಗೂ ಚಾಲಿಸಿ ನೋಡಿ. ಕರಕರ ಶಬ್ದ ಬಂದರೆ ಬೇಡ. ಈ ಜಾತಿಯ ಕ್ಯಾಮರಾಗಳಿಗೆ ಮರಳು ಪರಮಶತ್ರು. ನರಸೀಪುರದಿಂದ ತಲಕಾಡಿಗೆ ಹೋಗುವವರು ಮರಳಿನ ದಿಬ್ಬಗಳ ಮೇಲೆ ಗಾಳಿ ಬೀಸುವಾಗ ಮಸೂರವನ್ನು ಹೊರಚಾಚಬಾರದು. ಒಂದು ಕಣ ಸಿಕ್ಕಿಕೊಂಡರೂ ಅದು ಅರ್ಧದಲ್ಲಿಯೇ ನಿಲ್ಲುವುದುಂಟು. ತೆಗೆದ ಕೂಡಲೆ ಬಾಯಿ ಕಟ್ಟುವ ಬಟ್ಟೆಯ ಚೀಲದಲ್ಲಿ ಇಡತಕ್ಕದ್ದು. ಮೇಲೆ ಹೇಳಿದ ಎರಡು ಮಾದರಿಗಳಲ್ಲಿಯೂ ಒಂದು ಸಾರಿ ವಿದ್ಯುತ್ತು ತುಂಬಿದರೆ ಸುಮಾರು 260 ಚಿತ್ರಗಳಿಗೆ ಸಾಕೆಂಬುದು ತಯಾರಕರ ಅಳತೆ. ಜಾತ್ರೆಯ ದಿನಕ್ಕೆ ಇನ್ನೊಂದು ಬ್ಯಾಟರಿಯನ್ನು ಜೊತೆಗೆ ಒಯ್ಯುವುದು ಮೇಲು. ದೇವಾಲಯದ ಬಾಗಿಲಿನಲ್ಲಿ ಫಲಕವನ್ನು ಓದಿ, ಚಿತ್ರ ನಿಷಿದ್ಧವೆಂದಿದ್ದಲ್ಲಿ ಕ್ಯಾಮರಾವನ್ನು ಚೀಲದಿಂದ ಹೊರತೆಗೆಯದಿರುವುದು ಲೇಸು.

ಮನೆಗೆ ಬಂದಮೇಲೆ ಮಾಡಬೇಕಾದ ಕೆಲಸವೊಂದು ಉಳಿದಿದೆ. ಇನ್ನೂರು ಚಿತ್ರಗಳಲ್ಲಿ ಹತ್ತನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಊರು, ದಿನ, ಚಿತ್ರದಲ್ಲಿರುವವರ ಹೆಸರು ಇವುಗಳನ್ನು ಸೀಸದ ಕಡ್ಡಿಯಿಂದ ಬರೆದಿಡಿ. ನಾಲ್ಕಂಗುಲ ಆರಂಗುಲದ ಅಂಥ ಚಿತ್ರಕ್ಕೆ ಎರಡೂ ಕಾಲು ಮೆಗಾಪಿಕ್ಸೆಲ್ ಸಾಕೆಂಬುದನ್ನು ಮೊದಲೇ ಹೇಳಿದೆವಷ್ಟೆ. ಸಂಗಮದ ಮೆಟ್ಟಿಲ ಮೇಲೆ ನಿಂತ ಅಜ್ಜಿಯ ಹೆಸರನ್ನು ಮಾತ್ರ ಯಾವ ಕ್ಯಾಮರಾವೂ ತಾನಾಗಿ ಬರೆದಿಡದು.